ತಿಕ್ಕಿದ ಗುಲಗಂಜಿ

ಈ ಸಲದ ಮಣ್ಣೆತ್ತಿನ ಅಮಾವಾಸ್ಯೆಗೆ, ಜತ್ತದಲ್ಲಿ ನಾನು ಬಾಡಿಗೆಗಿರುವ ಮನೆಯ ಹುಡುಗರು ಒಂದು ಜೋಡಿ ಎತ್ತು ಮಾಡಿ ನನ್ನ ಕಿಟಕಿಯಲ್ಲಿ ಒಣಗಲು ಇಟ್ಟು ಹೋಗಿದ್ದರು. ಎತ್ತು ಅಂದರೆ ಎತ್ತು, ನಾಯಿ ಅಂದರೆ ನಾಯಿ, ಹಾಗಿದ್ದವು. ಹಸಿಮಣ್ಣಿನ ವಾಸನೆ ಕೋಣೆಯ ತುಂಬ ಹರಡಿತ್ತು. ನಗುತ್ತಲೇ ಒಂದನ್ನು ಕೈಗೆ ತೆಗೆದುಕೊಂಡೆ. ಮುಖದ ಎರಡೂ ಬದಿಗೆ ಕೆಂಪು ಗುಲಗಂಜಿಯ ಕಣ್ಣು. ಅದರ ಕರಿಯ ಚುಕ್ಕೆ ನೇರ ನನ್ನನ್ನೇ ನೋಡುತ್ತಿತ್ತು.

ನಗು ಅಲ್ಲಿಗೇ ನಿಂತಿತು. ನನ್ನ ಉಗುರು ಹೋಗಿ ಆ ಕಣ್ಣನ್ನು ಕಿತ್ತಿತು. ಬೀಜವನ್ನು ಅಂಗಿಗೆ ಒರೆಸಿ, ಹಿಂಬದಿ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದೆ. ತಿಕ್ಕಿದ ಗುರುತು ಇರಲಿಲ್ಲ. ಎರಡನೆಯದನ್ನೂ ಕಿತ್ತೆ. ಅದರಲ್ಲೂ ಇರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಹುಡುಗ ಕೇಳಿದ, "ಮಾಮಾ, ನಮ್ಮ ಎತ್ತಿನ ಕಣ್ಣ ಯಾಕ ಕಿತ್ತೀರಿ?"

ಏನು ಹೇಳಲಿ? "ಎತ್ತಿಗೆ ಚಾಳೀಸು ಬಂದೈತಿ, ಚಷ್ಮಾ ನಂಬರ ನೋಡಾಕತ್ತೀನಿ" ಅಂದೆ. ಅವನು ನಂಬಲಿಲ್ಲ. ನಂಬುವಂಥ ಮುಖ ನನ್ನದಲ್ಲ. ಅವನ ಕಣ್ಣು ನನ್ನ ಅಂಗೈಯಲ್ಲಿದ್ದ ಬೀಜಗಳ ಮೇಲೇ ಇತ್ತು.

ಉಟಗಿಯಲ್ಲಿ ನಮ್ಮ ನೆರೆಯವಳು, ನಾನು ಚಿಕ್ಕಮ್ಮನಂತೆ ಕಾಕು ಅನ್ನುತ್ತಿದ್ದವಳು ನೆನಪಾಗಿದ್ದಳು...

ಈಗ್ಗೆ ಹತ್ತು ವರ್ಷದ ಹಿಂದೆ, ಎಪ್ಪತ್ತರ ಆಚೀಚೆಯ ಮಾತು. ಆಗ ನಾನು ಉಟಗಿಯಲ್ಲಿದ್ದೆ. ಹಿಟ್ಟಿನ ಗಿರಣಿಯಲ್ಲಿ ಕೆಲಸ. ಅದು ಮನೆಯವರಿಗೆ ಹೇಳಲು. ನಿಜವಾದ ಉದ್ಯೋಗವೆಂದರೆ ಮಂದಿಯ ದನಿ ಕದಿಯುವುದು. ಎಸ್‌ಟಿ ಬಸ್ಸಿನ ಕಂಡಕ್ಟರನ ಮೂಗಿನ ದನಿ, ಮರಾಠಿಯಲ್ಲಿ ಶುರುಮಾಡಿ ಸಿಟ್ಟು ಬಂದಕೂಡಲೇ ಕನ್ನಡಕ್ಕೆ ಇಳಿಯುವ ಹೆಡ್‌ಮಾಸ್ತರರ ಗದರಿಕೆ, ಕುರಿ ಕಾಯುವವರು ನಾಲಿಗೆಯಲ್ಲಿ ಮಾಡುವ ಸದ್ದು, ಗಿರಣಿಯ ಪಟ್ಟಾ ಜಾರುವಾಗಿನ ಕಿರುಚಾಟ, ಎಲ್ಲವೂ ನನ್ನ ಗಂಟಲಲ್ಲಿದ್ದವು. ಹಿಟ್ಟಿಗೆ ಬಂದವರು ನಗಬೇಕು, ನಕ್ಕು ನಕ್ಕು ತಮ್ಮ ಸರದಿ ಮರೆಯಬೇಕು. ನನ್ನನ್ನು ನಾನೇ ಅಣಕಿಸಿದಾಗ ಮಾತ್ರ ಯಾರೂ ನಗುತ್ತಿರಲಿಲ್ಲ. "ನೀ ಹಂಗ ಅದಿ, ಅದರಾಗ ನಗೂದೇನೈತಿ" ಅನ್ನುತ್ತಿದ್ದರು.

ನಮ್ಮ ಮನೆಗೂ ಕಾಕುವಿನ ಮನೆಗೂ ನಡುವೆ ಒಂದೇ ಗೋಡೆ. ಮುಂದಿನ ಕೋಣೆಯಲ್ಲಿ ಅವಳ ಗಂಡ ಕಾಕಾನ ಕಿರಾಣಿ ಅಂಗಡಿ, ಹಿತ್ತಿಲಲ್ಲಿ ಕಾಕುವಿನ ರಾಜ್ಯ. ಕಳ್ಳಿಯ ಬೇಲಿಯ ಮೇಲೆ ಒಂದು ಹಳೆಯ ಗುಲಗಂಜಿ ಬಳ್ಳಿ ಹಬ್ಬಿತ್ತು. ಕೆಂಪಿನದಲ್ಲ, ಬಿಳಿಯ ಬೀಜದ್ದು. ಕೆಂಪು ಗುಲಗಂಜಿ ನಮ್ಮ ಗುಡ್ಡದಲ್ಲಿ ಬೇಕಾದಷ್ಟು ಸಿಗುತ್ತಿತ್ತು. ಬಿಳಿಯದು ಸುತ್ತ ಎಲ್ಲಿಯೂ ಇರಲಿಲ್ಲ. ಬಾಯಿಹುಣ್ಣಿನವರು, ಗಂಟಲು ಕಟ್ಟಿದವರು ಮುಚ್ಚಂಡಿಯಿಂದಲೂ ಬಂದು ಆ ಎಲೆ ಒಯ್ಯುತ್ತಿದ್ದರು. ಹುಣಸೆ ಎಲೆಯಂಥ ಸಣ್ಣ ಎಲೆ. ಜಗಿದರೆ ಮೊದಲು ಏನೂ ಗೊತ್ತಾಗದು, ಆಮೇಲೆ ನಾಲಿಗೆಯ ಬುಡದಲ್ಲಿ ತಂಪನೆಯ ಸಿಹಿ. ವಾರಕ್ಕೊಮ್ಮೆಯಾದರೂ ದನಿ ಕೂತುಹೋಗಿ ನಾನು ಆ ಹಿತ್ತಿಲ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ.

"ಬಂದ್ಯಾ? ಇವತ್ತ ಯಾರ ದನಿ ಕದಿಯಾಕ ಹೋಗಿ ನಿಂದ ಕಳಕೊಂಡಿ?"

ನಾನು ಕೈಸನ್ನೆಯಲ್ಲೇ ಕಂಡಕ್ಟರನ ಟಿಕೇಟು ಚೀಲ ತೋರಿಸುತ್ತಿದ್ದೆ. ಅವಳು ನಗುತ್ತಿರಲಿಲ್ಲ. ನಗು ಬಂದರೆ ಸೆರಗನ್ನು ಮೂಗಿನವರೆಗೆ ಎಳೆದುಕೊಳ್ಳುತ್ತಿದ್ದಳು, ಅಷ್ಟೆ. ಎಲೆ ಕೊಡುವಾಗ ಪ್ರತಿಸಲ ಅದೇ ಮಾತು: "ಎಲಿ ಜಗದ ನುಂಗು. ಕಾಯಿ ಒಡದಿರತಾವ, ಬೀಜಕ್ಕ ಕೈ ಹಚ್ಚಬ್ಯಾಡ."

ಗುಲಗಂಜಿ ಬೀಜದ ಅಂಜಿಕೆ ನಮ್ಮ ಕಡೆ ಎಲ್ಲರಿಗೂ ಇತ್ತು. ಕುರಿ ಕಾಯುವವರು ಅದರ ಕಥೆ ಹೇಳುತ್ತಿದ್ದರು. ಹಗೆಯವರು ಬೀಜ ಅರೆದು, ಮುಳ್ಳಿನಂತೆ ಒಣಗಿಸಿ, ಆಗದವರ ಎತ್ತಿಗೆ ಚುಚ್ಚಿದರೆ ಆ ಎತ್ತು ಮತ್ತೆ ಏಳುತ್ತಿರಲಿಲ್ಲವಂತೆ. ಅದೇ ಬೀಜವನ್ನು ಹಬ್ಬದಲ್ಲಿ ಮಣ್ಣೆತ್ತಿಗೆ ಕಣ್ಣಾಗಿ ಇಡುತ್ತಿದ್ದೆವು! ಯಾರಿಗೂ ಅದು ವಿಚಿತ್ರವೆನಿಸುತ್ತಿರಲಿಲ್ಲ. ಯಾಕೆಂದರೆ ಇಡೀ ಬೀಜ ಕಲ್ಲಿನಂಥದ್ದು, ಅದರ ವಿಷ ಅದರೊಳಗೇ ಇರುತ್ತದೆ. ಎಷ್ಟೋ ಮಕ್ಕಳು ನುಂಗಿದ್ದವು, ಹಾಗೇ ಹೊರಗೆ ಬಿದ್ದಿತ್ತು. ಅರೆದರೆ, ಒಡೆದರೆ ಮಾತ್ರ ಅಂಜಿಕೆ.

ಒಂದು ಬೇಸಿಗೆ ಆ ಬೇಲಿಯಲ್ಲಿ ಹಾವು ಹೊಕ್ಕಿತು. ಪಕ್ಕದವರು ಕಾಕುವನ್ನು ಕೇಳದೆ ಬೆಂಕಿ ಹಚ್ಚಿದರು. ಹಾವು ಯಾವಾಗಲೋ ಹೋಗಿಬಿಟ್ಟಿತ್ತು. ಬಳ್ಳಿ ಬೇರುಸಹಿತ ಸುಟ್ಟಿತು. ಕಾಕು ಕರಿಯಾದ ಕಳ್ಳಿಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಅವಳ ಹತ್ತಿರ ಉಳಿದದ್ದು ಚಹಾಪುಡಿಯ ಡಬ್ಬಿಯಲ್ಲಿಟ್ಟಿದ್ದ ಒಂದಿಷ್ಟು ಬಿಳಿ ಬೀಜ. ಅಷ್ಟರಿಂದಲೇ ಮತ್ತೆ ಬಳ್ಳಿ ಎಬ್ಬಿಸಬೇಕೆಂದು ಹಟ ಹಿಡಿದಳು.

ಬಿತ್ತಿದಳು, ಹುಟ್ಟಲಿಲ್ಲ. ಬಿಸಿನೀರಿನಲ್ಲಿ ಹಾಕಿಟ್ಟು ಬಿತ್ತಿದಳು, ಒಂದು ಉಬ್ಬಿತು, ಉಳಿದವು ಮಣಿಯಂತೆ ಹಾಗೇ ಇದ್ದವು. ಸೆಗಣಿಯಲ್ಲಿ ಹುಗಿದು ನೋಡಿದಳು. ಒಂದೇ ಕಾಯಿಯಿಂದ ಬಿಡಿಸಿದ ಬೀಜಗಳಲ್ಲೇ ಒಂದು ದಪ್ಪ, ಒಂದು ಸಣ್ಣ, ಒಂದು ಹಾಲಿನ ಬಣ್ಣ, ಇನ್ನೊಂದು ಹಳೆಯ ಹಲ್ಲಿನ ಬಣ್ಣ. ನೀರಿಗೆ ಹಾಕಿದರೆ ಒಂದು ಬೆಳಗಾಗುವಷ್ಟರಲ್ಲಿ ನೆನೆಯುತ್ತಿತ್ತು, ಅದರ ಬಗಲಿನದಕ್ಕೆ ನೀರಿನ ಸುದ್ದಿಯೇ ಮುಟ್ಟಿರುತ್ತಿರಲಿಲ್ಲ. "ಒಂದ ತಾಯಿ ಮಕ್ಕಳ ನೋಡ ಇವು, ಒಂದಕ್ಕಿದ್ದ ಬುದ್ಧಿ ಒಂದಕ್ಕಿಲ್ಲ" ಎಂದು ಅವನ್ನು ಬೈಯುತ್ತಿದ್ದಳು. ನಾನು ಬೀಜದ ದನಿ ತೆಗೆದು, "ಇನ್ನ ಒಂದೀಟ ಮಲಗತೀನಿ ತಡೀ ಬೇ" ಅನ್ನುತ್ತಿದ್ದೆ. ಸೆರಗು ಮೂಗಿಗೆ ಹೋಗುತ್ತಿತ್ತು.

ಕಡೆಗೊಂದು ದಿನ ಬೀಸುವ ಕಲ್ಲಿನ ಅಡಿಗೆ ಸಿಕ್ಕು ಸಿಪ್ಪೆ ಕೆತ್ತಿಹೋದ ಒಂದು ಬೀಜವನ್ನು ಅವಳು ಸುಮ್ಮನೆ ಮಣ್ಣಿಗೆ ಎಸೆದಿದ್ದಳು. ಅದು ಹುಟ್ಟಿತು. ಆ ಸಸಿ ಬಿಸಿಲಿಗೆ ಬಾಡಿತು, ಆದರೆ ಅಲ್ಲಿಂದ ಅವಳಿಗೆ ದಾರಿ ಗೊತ್ತಾಯಿತು. ಕಲ್ಲಿನ ಅಂಚಿಗೆ ಬೀಜದ ಒಂದು ಬದಿಯನ್ನು ತಿಕ್ಕಬೇಕು. ಮೊಳಕೆ ಬರುವ ಬದಿ ಬಿಟ್ಟು ಎದುರಿನ ಬದಿ. ಸಿಪ್ಪೆ ಸವೆದರೆ ಸಾಕು, ತಿರುಳು ಮುಟ್ಟಬಾರದು. "ತಿಕ್ಕದಿದ್ದರ ಮಲಗತಾವ, ಭಾಳ ತಿಕ್ಕಿದರ ಕೊಳಿತಾವ" ಎಂದು ನನಗೆ ತೋರಿಸಿದಳು. ಬಿಳಿ ಬೀಜ ಇದ್ದದ್ದೇ ಒಂದು ಮುಷ್ಟಿಗೂ ಕಡಿಮೆ. ಕೆಡಿಸಿದರೆ ಮುಗಿಯಿತು. ಅದಕ್ಕೇ ಅವಳು ಗುಡ್ಡದ ಕೆಂಪು ಬೀಜ ತರಿಸಿ, ಅವುಗಳ ಮೇಲೆ ಕೈ ಪಳಗಿಸಿಕೊಂಡಳು. ಕೈ ಕೂತಮೇಲೆ ಬಿಳಿಯವನ್ನು ಮುಟ್ಟಿದಳು.

ಮರುವರ್ಷದ ಮಣ್ಣೆತ್ತಿನ ಅಮಾವಾಸ್ಯೆ ಬಂತು. ದರಿಬಡಚಿಗೆ ಮದುವೆ ಮಾಡಿ ಕೊಟ್ಟಿದ್ದ ಕಾಕುವಿನ ಮಗಳು ಹಬ್ಬಕ್ಕೆ ಬಂದಳು. ನನಗಿಂತ ದೊಡ್ಡವಳು, ನಾನು ಅಕ್ಕ ಅನ್ನುತ್ತಿದ್ದೆ. ಜೊತೆಗೆ ಅವಳ ಕೂಸು. ಆಗಷ್ಟೇ ಮಾತು ಕೂಡಿಸಲು ಕಲಿತಿದ್ದ, ಗುಂಡು ಮುಖದ ಹುಡುಗಿ. ಅಮಾವಾಸ್ಯೆಗೆ ಗಿರಣಿ ಬಂದ್ ಇರುತ್ತಿತ್ತು, ನಾನು ಬೆಳಗಿನಿಂದ ಅವರ ಪಡಸಾಲೆಯಲ್ಲೇ ಇದ್ದೆ. ಕಾಕು ಎರಡೆತ್ತು, ಒಂದು ಕರು ಮಾಡಿದಳು. ಕೂಸಿಗೆ ಭಾರೀ ಸಂಭ್ರಮ. ನಾನು ಎತ್ತಿನ ದನಿಯಲ್ಲಿ ಹುಡುಗಿಗೆ "ಹೊಟ್ಟಿ ಹಸದೈತಿ, ಮೇವ ತಾ" ಅಂದರೆ ಅಂಗಳಕ್ಕೆ ಓಡಿ ಹುಲ್ಲಿನ ಕಡ್ಡಿ ತರುತ್ತಿತ್ತು. ನನ್ನ ಜೀವಮಾನದಲ್ಲಿ ನನ್ನ ಮಾತನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡವರು ಬೇರೆ ಯಾರೂ ಇಲ್ಲ.

ಊಟವಾದಮೇಲೆ ಕಾಕು ಹಿತ್ತಿಲಿಗೆ ಹೋದಳು, ಅಕ್ಕ ಪಾತ್ರೆಗೆ ಕೂತಳು, ನಾನು ಅಂಗಡಿಯ ಕಟ್ಟೆಯ ಮೇಲೆ ಕಾಕಾನಿಗೆ ಹೆಡ್‌ಮಾಸ್ತರರನ್ನು ಮಾಡಿ ತೋರಿಸುತ್ತಿದ್ದೆ. ಒಳಗಿನಿಂದ ಕಾಕುವಿನ ದನಿ ಕೇಳಿತು. ಕೂಗಿದ್ದಲ್ಲ. ಬಹಳ ಮೆಲ್ಲಗೆ, ಒಂದೊಂದೇ ಮಾತು ಬಿಡಿಸಿ.

"ಕೂಸಽ... ಎತ್ತಿನ ಕಣ್ಣ ಎಲ್ಲಿ?"

ಹೋಗಿ ನೋಡಿದರೆ ಎರಡೂ ಎತ್ತು ಕುರುಡಾಗಿದ್ದವು. ಕಣ್ಣಿದ್ದಲ್ಲಿ ಸಣ್ಣ ಕುಳಿ. ಕರುವಿಗೆ ಮಾತ್ರ ಕಣ್ಣು ಇದ್ದವು. ಕೂಸಿನ ತುಟಿಯ ಮೇಲೆ ಮಣ್ಣು.

ಅಕ್ಕ ಪಾತ್ರೆ ಬಿಟ್ಟು ಓಡಿಬಂದಳು. ಬಾಯಿಯಲ್ಲಿ ಬೆರಳು ಹಾಕಿ ನೋಡಿದಳು. ಬಾಯಿ ಖಾಲಿ. "ತಿಂದ್ಯಾ? ಏನ ತಿಂದಿ ಹೇಳ" ಎಂದು ಕೂಸಿನ ಎರಡೂ ರಟ್ಟೆ ಹಿಡಿದು ಅಲುಗಿಸಿದಳು. ಅಷ್ಟು ದೊಡ್ಡ ದನಿಗೆ ಕೂಸು ಬಾಯಿ ಬಿಗಿಹಿಡಿದುಬಿಟ್ಟಿತು. ನಾನು ಕೆಳಗೆ ಕೂತು ಎತ್ತಿನ ದನಿಯಲ್ಲಿ ಕೇಳಿದೆ, "ನನ್ನ ಕಣ್ಣ ಯಾರು ತಗೊಂಡ್ರವ್ವಾ, ನನಗೇನೂ ಕಾಣವಲ್ದು."

ಕೂಸು ತನ್ನ ಹೊಟ್ಟೆ ಮುಟ್ಟಿ ತೋರಿಸಿತು.

ಅಕ್ಕನ ಕಣ್ಣು ಮೊದಲು ಹೋದದ್ದು ಗೋಡೆಯ ಗೂಡಿನಲ್ಲಿದ್ದ ಬಟ್ಟಲಿನ ಕಡೆಗೆ. ಕಾಕು ಆ ದಿನ ಬಿಳಿ ಬೀಜ ತಿಕ್ಕಿ ನೀರಿನಲ್ಲಿ ನೆನೆಹಾಕಿದ್ದಳು. ಇಳಿಸಿ ನೋಡಿದರು. ಬಟ್ಟಲು ಕದಲಿರಲಿಲ್ಲ, ಬೀಜ ಎಲ್ಲವೂ ಇದ್ದವು. ಕೂಸಿನ ಕೈಗೆ ಎಟುಕುವ ಎತ್ತರವೂ ಅದಲ್ಲ. ಅಷ್ಟರಲ್ಲಿ ಸುದ್ದಿ ಕೇಳಿ ನಾಲ್ಕಾರು ಮಂದಿ ಸೇರಿದ್ದರು. ಎಲ್ಲರ ಎದೆಯ ಭಾರ ಒಮ್ಮೆಲೇ ಇಳಿಯಿತು.

"ಬರೇ ಎತ್ತಿನ ಕಣ್ಣೇನವ್ವಾ? ಏನೂ ಆಗೂದಿಲ್ಲ ತಗೋ. ನನ್ನ ಮಗಾ ನುಂಗಿದ್ದಾ, ನಾಳಿಗೆ ಬೀಳತಾವ."

"ಎರಡ ಬಾಳಿಹಣ್ಣ ತಿನಸ್ರಿ, ಲಗೂನ ಹೋಗತಾವ."

ನಾನೂ ಹಗುರಾದೆ. ಹಗುರಾದ ಕೂಡಲೇ ನನ್ನ ಬಾಯಿ ಸುಮ್ಮನಿರುತ್ತದೆಯೇ? ನಾಳೆ ಬೆಳಗ್ಗೆ ತಂಬಿಗೆ ಹಿಡಿದು ಕಣ್ಣು ಹುಡುಕುತ್ತ ಹೊರಟ ಎತ್ತು ಹೇಗೆ ನಡೆಯುತ್ತದೆಂದು ನಡೆದು ತೋರಿಸಿದೆ. ಎಲ್ಲರೂ ನಕ್ಕರು. ಅಕ್ಕನೂ ಕಣ್ಣೊರೆಸಿಕೊಂಡು, ಕೂಸನ್ನು ಎದೆಗೆ ಒತ್ತಿಕೊಂಡು ನಕ್ಕಳು.

ಕಾಕು ನಗಲಿಲ್ಲ. ಸೆರಗೂ ಮೇಲೆ ಹೋಗಲಿಲ್ಲ. ಅವಳು ಕರುವನ್ನು ಕೈಯಲ್ಲಿ ಹಿಡಿದುಕೊಂಡು, ಉಗುರಿನಿಂದ ಅದರ ಒಂದು ಕಣ್ಣು ಕೀಳುತ್ತಿದ್ದಳು. ಕಿತ್ತು, ಬಟ್ಟಲಿನ ನೀರಿಗೆ ಅದ್ದಿ, ಮಣ್ಣು ತೊಳೆದು, ಅಂಗೈಯಲ್ಲಿ ಮಗುಚಿ ಹಾಕಿ ಮಗಳ ಮುಂದೆ ಹಿಡಿದಳು. ಬೀಜದ ಹಿಂಬದಿ ಚಪ್ಪಟೆಯಾಗಿತ್ತು. ಕೆಂಪು ಸಿಪ್ಪೆ ಪೂರ್ತಿ ಹೋಗಿ ನಡುವೆ ತಿರುಳು ಕಾಣುತ್ತಿತ್ತು.

"ಇವು ತಿಕ್ಕಿದ್ದು" ಅಂದಳು.

ಯಾರಿಗೂ ಕೂಡಲೇ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಕೈ ಪಳಗಲೆಂದು ಮೊದಮೊದಲು ತಿಕ್ಕಿದ ಕೆಂಪು ಬೀಜಗಳು ಇವು. ವಿಪರೀತ ತಿಕ್ಕಿ ಕೆಟ್ಟಿದ್ದವು, ಬಿತ್ತಲು ಬರುವಂತಿರಲಿಲ್ಲ. ಇಡೀ ಬೀಜ ನುಣುಪಾಗಿ ಹಸಿಮಣ್ಣಿನಿಂದ ಜಾರಿ ಬೀಳುತ್ತದೆ. ಪ್ರತಿ ವರ್ಷ ಪೂಜೆಯ ಹೊತ್ತಿಗೆ ಒಂದಾದರೂ ಎತ್ತು ಕಣ್ಣು ಕಳೆದುಕೊಳ್ಳುತ್ತಿತ್ತು. ತಿಕ್ಕಿದ್ದಾದರೆ ಚಪ್ಪಟೆ ಬದಿ ಮಣ್ಣಿಗೆ ಕಚ್ಚಿ ಕೂರುತ್ತದೆ. ಅದಕ್ಕೇ ಈ ವರ್ಷ ಇವನ್ನೇ ಇಟ್ಟಿದ್ದಳು.

ಇಷ್ಟನ್ನೂ ಅವಳು ಹೇಳದೆ ಇರಬಹುದಾಗಿತ್ತು. ಎಲ್ಲರೂ ನಗುತ್ತಿದ್ದರು. ಯಾರೂ ಕೇಳಿರಲಿಲ್ಲ...

ಅಕ್ಕ ತಾಯಿಯ ಅಂಗೈಯನ್ನೇ ನೋಡುತ್ತಿದ್ದಳು. "ಎಷ್ಟ ತಿಕ್ಕೀದಿ?"

"ಒಳಗಿನ ತಿರುಳ ಕಾಣೂತನಕ."

"ಎಲ್ಲಾನೂ?"

"ಎಲ್ಲಾನೂ."

ಗುಂಪಿನಲ್ಲಿದ್ದ ಕುರಿ ಕಾಯುವ ಮುದುಕ ತಲೆಯ ಮೇಲಿನ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಸತ್ತ ಮನೆಯಲ್ಲಿ ತೆಗೆದ ಹಾಗೆ. ನನಗೆ ಅಂಜಿಕೆ ಹತ್ತಿದ್ದು ಆಗ.

ಉಪ್ಪುನೀರು ಕಲಸಿ ತಂದರು. ಕೂಸು ಕುಡಿಯಲೊಲ್ಲದು. ಮೂಗು ಹಿಡಿದರೆ ಉಸಿರುಗಟ್ಟೀತೆಂಬ ಭಯ. "ಬಾಯಿ ತೆಗಿ ಬಂಗಾರ" ಎಂದು ಕಾಕು ಬೇಡಿಕೊಳ್ಳುತ್ತಿದ್ದಳು. ನಾನು ಎಮ್ಮೆಯಾದೆ, ಒಂದು ಗುಟುಕು ನಾನು ಕುಡಿದು ಎಮ್ಮೆಯಂತೆ ಸದ್ದು ಮಾಡಿದೆ. ಕೂಸೂ ಹಾಗೇ ಸದ್ದು ಮಾಡಿ ಕುಡಿಯಿತು. ನಾನು ಕುಡಿದಷ್ಟು ಅದು, ಅದು ಕುಡಿದಷ್ಟು ನಾನು. ಕಡೆಗೆ ಇಬ್ಬರೂ ಅಂಗಳದಲ್ಲಿ ಬಗ್ಗಿ ವಾಂತಿ ಮಾಡಿಕೊಂಡೆವು. ಬೇರೆ ದಿನವಾಗಿದ್ದರೆ ಊರು ಇದನ್ನು ವರ್ಷಗಟ್ಟಲೆ ಹೇಳಿ ನಗುತ್ತಿತ್ತು. ಅವತ್ತು ಯಾರೂ ನಗಲಿಲ್ಲ. ಕಾಕು ಆ ವಾಂತಿಯಲ್ಲಿ ಬೆರಳಾಡಿಸಿ ಹುಡುಕಿದಳು. ಅನ್ನದಗುಳು, ಮಣ್ಣು, ಒಂದು ಬೀಜ. ಎಷ್ಟು ಹುಡುಕಿದರೂ ಒಂದೇ.

ಕಾಕಾ ಜೀಪಿನವನ ಮನೆಗೆ ಓಡಿದ್ದ. ಅವನು ಬೆಳಗ್ಗೆಯೇ ಜೀಪಿಗೆ ನಿಂಬೆಹಣ್ಣು ಕಟ್ಟಿ ನಿಲ್ಲಿಸಿದ್ದ. "ಅಮಾಸಿ ದಿನ ಗಾಡಿ ಹೊರಗ ತೆಗ್ಯೂದಿಲ್ರಿ ನಾ" ಅಂದನಂತೆ. ಕಾಕಾ ಅವನ ಹೊಸ್ತಿಲ ಮೇಲೆ ಕೂತುಬಿಟ್ಟನಂತೆ. ಜೀಪು ಬಂತು.

ಜತ್ತದ ರಸ್ತೆ ಆಗ ರಸ್ತೆಯೇ ಆಗಿರಲಿಲ್ಲ. ಮುಂದೆ ಕಾಕಾ, ನಡುವೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡ ಅಕ್ಕ, ಅವಳೆದುರು ನಾನು. ಕಾಕು ಕೂಸಿಗೆಂದು ಕೈಚಾಚಿದಳು. ಅಕ್ಕ ಕೊಡಲಿಲ್ಲ. ಕೂಸನ್ನು ಬೇರೆ ಹೆಗಲಿಗೆ ಬದಲಿಸಿದಳು, ಅಷ್ಟೆ. ಕಾಕು ತೀರ ಹಿಂದೆ, ಕಾಲು ಹೊರಗೆ ಇಳಿಬಿಟ್ಟು ಕೂತಳು.

ಸ್ವಲ್ಪ ದೂರ ಹೋದಮೇಲೆ ಕೂಸಿನ ಕಣ್ಣು ಮುಚ್ಚತೊಡಗಿತು. ಅದು ಊಟವಾದ ಮೇಲಿನ ನಿದ್ದೆಯ ಹೊತ್ತು. ವಾಂತಿಯಾಗಿ ದಣಿದಿತ್ತು. ನಿದ್ದೆಯೇ ಇರಬೇಕು. ಆದರೆ ನಿದ್ದೆಯೇ ಎಂದು ಹೇಳುವವರು ಯಾರು? ಅಕ್ಕ ಕೆನ್ನೆ ತಟ್ಟಿದಳು, ಕೂಸು ಕಣ್ಣು ತೆರೆದು ಮತ್ತೆ ಮುಚ್ಚಿತು. "ತಮ್ಮಾ, ಏನರೆ ಮಾಡೋ. ಮಲಗಗೊಡಬ್ಯಾಡೋ."

ಮಾಡಿದೆ. ಕಂಡಕ್ಟರನಾದೆ. ಕೋಳಿಯಾದೆ. ಮರಿ ಕಳೆದುಕೊಂಡ ಕುರಿಯಾದೆ. ಪಟ್ಟಾ ಜಾರಿದ ಗಿರಣಿಯಾದೆ. ಹೆಡ್‌ಮಾಸ್ತರರು ಕೋಳಿಗೆ ಲೆಕ್ಕ ಹೇಳಿಕೊಟ್ಟರು, ಕೋಳಿ ಕಂಡಕ್ಟರನಿಗೆ ಬೈಯಿತು. ಪ್ರತಿ ದನಿಗೆ ಕೂಸು ಕಣ್ಣು ತೆರೆಯುತ್ತಿತ್ತು. ಪ್ರತಿಸಲ ಮೊದಲಿಗಿಂತ ತುಸು ತಡವಾಗಿ ತೆರೆಯುತ್ತಿತ್ತು. ನನ್ನ ಗಂಟಲು ಒಡೆಯತೊಡಗಿತು. ಒಂದು ದನಿ ತೆಗೆಯಹೋದರೆ ಇನ್ನೊಂದು ಬರುತ್ತಿತ್ತು. ಆಮೇಲೆ ಯಾವುದೂ ಬರದೆ ಬರೀ ಗಾಳಿ. ನಗಿಸುವುದೆಂದರೆ ನನಗೆ ಉಸಿರಾಡಿದಷ್ಟು ಸಲೀಸು ಅಂದುಕೊಂಡಿದ್ದೆ. ನಾನು ನಿಲ್ಲಿಸಿದರೆ ಒಂದು ಜೀವ ಕಣ್ಣು ಮುಚ್ಚುತ್ತದೆ ಎಂಬ ಹೆದರಿಕೆಯಲ್ಲಿ ಕೋಳಿಯ ದನಿ ತೆಗೆಯುವುದು ಏನೆಂದು ಅವತ್ತು ತಿಳಿಯಿತು. ಹಿಂದಿನಿಂದ ಕಾಕು ಮುಖ ತಿರುಗಿಸದೆ ಅನ್ನುತ್ತಲೇ ಇದ್ದಳು, "ಬಿಡಬ್ಯಾಡ ತಮ್ಮಾ... ಬಿಡಬ್ಯಾಡ."

ದವಾಖಾನೆಯಲ್ಲಿ ಇದ್ದದ್ದು ಅಷ್ಟಿಷ್ಟು ಕನ್ನಡ ಬರುತ್ತಿದ್ದ ಒಬ್ಬ ಮರಾಠಿ ಡಾಕ್ಟರು. ಗುಲಗಂಜಿಯ ಮರಾಠಿ ಹೆಸರು "ಗುಂಜ್" ಕೇಳಿದೊಡನೆ ಎದ್ದು ನಿಂತರು. ಕಾಕು ಎಲ್ಲರನ್ನೂ ಸರಿಸಿ ಮುಂದೆ ಹೋಗಿ, ಬೀಜ ಎಂಥದು, ಎಷ್ಟು ತಿಕ್ಕಿದ್ದು, ಎಷ್ಟು ಹೋಗಿವೆ, ಎಷ್ಟು ಹೊರಬಿದ್ದಿದೆ, ಯಾವ ಹೊತ್ತಿಗೆ, ಎಲ್ಲವನ್ನೂ ತನ್ನ ಮುರುಕು ಮರಾಠಿಯಲ್ಲಿ ಹೇಳಿದಳು. ಸೆರಗಿನ ತುದಿಗೆ ಕಟ್ಟಿಕೊಂಡು ಬಂದಿದ್ದ ಕರುವಿನ ಕಣ್ಣನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಡಾಕ್ಟರು ಅದನ್ನು ತಿರುಗಿಸಿ ನೋಡಿ, "ಇದನ್ನ ಹೇಳದಿದ್ದರ ನಾ ಮನಿಗೆ ಕಳಸತಿದ್ದೆ" ಅಂದರು. ಕೊಳವೆ ಹಾಕಿ ಕೂಸಿನ ಹೊಟ್ಟೆ ತೊಳೆದರು. ಆ ಸದ್ದು ನನಗೆ ಇವತ್ತಿಗೂ ಅಣಕಿಸಲು ಬರುವುದಿಲ್ಲ, ಬರುವುದೂ ಬೇಡ.

ಆಮೇಲೆ ಕೂಸು ಎದ್ದು ಕೂತಿತು, ನೀರು ಕೇಳಿತು, ನನ್ನ ಬೆರಳು ಹಿಡಿದು ಎಳೆಯಿತು. ನಾವೆಲ್ಲ ಗೆದ್ದೆವೆಂದುಕೊಂಡೆವು. ಡಾಕ್ಟರು ಮಾತ್ರ, "ಈಗ ಆಡತದ ಅಂತ ನಂಬಬ್ಯಾಡ್ರಿ. ಇದರ ವಿಷ ತಡಾ ಮಾಡಿ ಬರತದ" ಅಂದರು. ಆಡುತ್ತಿರುವ ಕೂಸನ್ನು ನೋಡಿ ಹೆದರುವುದು ಎಂಥದೆಂದು ನಿಮಗೆ ಹೇಗೆ ಹೇಳಲಿ? ಅದು ನಕ್ಕರೆ ನಾವು ಡಾಕ್ಟರ ಮುಖ ನೋಡುತ್ತಿದ್ದೆವು.

ಮರುದಿನ ಬಂತು. ವಾಂತಿ, ಭೇದಿ, ಭೇದಿಯಲ್ಲಿ ರಕ್ತ. ಗುಂಡು ಮುಖ ಇಳಿದು ಕಣ್ಣಷ್ಟೇ ಉಳಿಯಿತು. ಸಲಾಯಿನ್ ಸೂಜಿ ಹಿಡಿಯಲು ನರ ಸಿಗುತ್ತಿರಲಿಲ್ಲ. ಅಕ್ಕ ಮಂಚ ಬಿಟ್ಟು ಏಳಲಿಲ್ಲ. ಕಾಕುವಿಗೆ ಒಳಗೆ ಬರಲು ಆಕೆ ಬಿಡಲಿಲ್ಲ. ಜಗಳವೇನೂ ಇಲ್ಲ. ಕಾಕು ಬಾಗಿಲಿಗೆ ಬಂದರೆ ಅಕ್ಕ ನೋಡುತ್ತಿದ್ದಳು, ಕಾಕು ಹಿಂದೆ ಸರಿಯುತ್ತಿದ್ದಳು. ಹೊರಗಿನ ವರಾಂಡದ ನೆಲದಲ್ಲಿ, ಬಾಗಿಲ ಸಂದಿಯಿಂದ ಮಂಚದ ಒಂದು ಕಾಲು ಕಾಣುವ ಜಾಗದಲ್ಲಿ ಅವಳು ಕೂತಿರುತ್ತಿದ್ದಳು. ನಾನು ಹೊರಗೆ ಬಂದಾಗಲೆಲ್ಲ ನನ್ನ ಮುಖ ನೋಡುತ್ತಿದ್ದಳು. ಸಾವಿರ ಮುಖ ಮಾಡಬಲ್ಲ ನನಗೆ, ಆ ನೋಟದ ಮುಂದೆ ಯಾವ ಮುಖ ಇಟ್ಟುಕೊಂಡು ಹೊರಬರಬೇಕೆಂದೇ ತಿಳಿಯುತ್ತಿರಲಿಲ್ಲ.

ಕೂಸು ಉಳಿಯಿತು. ನಿಧಾನಕ್ಕೆ, ಒಂದೊಂದು ಚಮಚ ಗಂಜಿಯಷ್ಟೇ ನಿಧಾನಕ್ಕೆ. ಮನೆಗೆ ಕಳಿಸುವ ದಿನ ದರಿಬಡಚಿಯಿಂದ ಅಳಿಯ ಬಂದಿದ್ದ. ಅಕ್ಕ ಉಟಗಿಗೆ ಬರಲಿಲ್ಲ, ನೇರ ತನ್ನೂರಿನ ಬಸ್ಸಿಗೆ ನಡೆದಳು. ಕಾಕು ಬಸ್ಸಿನ ಕಿಟಕಿಯ ಕೆಳಗೆ ನಿಂತು ಕೂಸಿನ ಕಾಲು ಮುಟ್ಟಿದಳು.

"ಅವ್ವಾ," ಅಕ್ಕ ಅಂದಳು, "ನೀ ಹೇಳಿದ್ದಕ್ಕ ಕೂಸು ಉಳೀತು. ಅದು ನನಗ ಗೊತ್ತೈತಿ. ಆದರ ನಿನ್ನ ಮನಿಗೆ ಇದನ್ನ ಕರಕೊಂಡ ಬರಾಕ ನನಗ ಆಗೂದಿಲ್ಲ. ಏನ ಮುಟ್ಟೀತೋ ಏನ ತಿಂದೀತೋ ಅಂತ ಎದಿ ಹೊಡಕೋತೈತಿ. ನನ್ನ ಬಿಡು."

ಕಾಕು ತಲೆಯಾಡಿಸಿದಳು. ಬಸ್ಸು ಹೋಯಿತು.

ನಾವು ಉಟಗಿಗೆ ಮರಳಿದಾಗ ಗೂಡಿನ ಬಟ್ಟಲಿನಲ್ಲಿ ನೀರು ಆರಿಹೋಗಿತ್ತು, ಬಿಳಿ ಬೀಜ ಒಣಗಿದ್ದವು. ಆದರೆ ಅದಕ್ಕೂ ಮೊದಲೇ ಹಿತ್ತಿಲ ಮಡಿಯಲ್ಲಿ ಊರಿದ್ದವು ಹುಟ್ಟಿದ್ದವು. ಸಣ್ಣ ಹಸಿರು ಕೊಕ್ಕೆಗಳು, ಕೆಲವು ಇನ್ನೂ ತಲೆಯ ಮೇಲೆ ಸಿಪ್ಪೆ ಹೊತ್ತು ನಿಂತಿದ್ದವು. ವರ್ಷದ ಹಟ ಕಡೆಗೆ ಗೆದ್ದಿತ್ತು. ಕಾಕು ನೋಡಿದಳು, ಒಳಗೆ ಹೋದಳು, ಒಲೆ ಹೊತ್ತಿಸಿ, ಕುದಿಯುವ ನೀರಿನ ಪಾತ್ರೆ ತಂದು ಮಡಿಯ ತುಂಬ ಸುರಿದಳು. ಡಬ್ಬಿಯಲ್ಲಿದ್ದ ಬೀಜ ಒಲೆಗೆ ಹೋದವು. ಅವು ಸಿಡಿಯುವ ಸದ್ದು ಗೋಡೆಯಾಚೆ ನಮ್ಮ ಮನೆಗೂ ಕೇಳಿತು.

ಆಮೇಲೂ ಬಾಯಿಹುಣ್ಣಿನವರು ಬರುತ್ತಿದ್ದರು. "ಇಲ್ರಿ, ಎಲಿ ಇಲ್ಲ" ಅನ್ನುತ್ತಿದ್ದಳು. ನಾನು ದನಿ ಕಳೆದುಕೊಂಡು ಹೋದರೆ, "ಸುಮ್ಮ ಕುಂದ್ರೂದ ಕಲಿ, ಅದೂ ಔಷಧನ" ಅನ್ನುತ್ತಿದ್ದಳು. ಚೇಷ್ಟೆಯಂತೆಯೇ ಅನ್ನುತ್ತಿದ್ದಳು, ಆದರೆ ಸೆರಗು ಮಾತ್ರ ಇದ್ದಲ್ಲೇ ಇರುತ್ತಿತ್ತು.

ಕಾಕಾ ಮಾತ್ರ ಆಗಾಗ ದರಿಬಡಚಿಗೆ ಹೋಗಿಬರುತ್ತಿದ್ದ. ಅಂಗಡಿಯ ಪುಡಿಕೆ ಕಟ್ಟುವ ದಾರವನ್ನು ಕೂಸಿನ ಎತ್ತರಕ್ಕೆ ಹಿಡಿದು ಕತ್ತರಿಸಿ ತರುತ್ತಿದ್ದ. ಕಾಕು ಆ ದಾರದ ಅಳತೆಗೆ ಪರಕಾರ, ಅಂದರೆ ಲಂಗ, ಹೊಲಿದು ಕೊಡುತ್ತಿದ್ದಳು. ಒಮ್ಮೆ ಜೊತೆಗೆ ಶೇಂಗಾ ಉಂಡಿಯನ್ನೂ ಕಟ್ಟಿಕೊಟ್ಟಳು. ಅಕ್ಕ ಪರಕಾರ ಇಟ್ಟುಕೊಂಡು ಉಂಡಿಯನ್ನು ಕಾಕಾನ ಚೀಲದಲ್ಲೇ ಮರಳಿ ಇಟ್ಟಿದ್ದಳು. ಒಂದೂ ಮುರಿದಿರಲಿಲ್ಲ. ಕಾಕು ಅವನ್ನು ನನಗೆ ಕೊಟ್ಟಳು. "ನೀ ತಿನ್ನು. ನಿನಗ ಅಂಜಿಕಿ ಇಲ್ಲಲ್ಲ?" ಅಂದಳು. ತಿಂದೆ. ಸುಳ್ಳೇಕೆ ಹೇಳಲಿ, ಮೊದಲ ತುತ್ತನ್ನು ನಾಲಿಗೆಯಿಂದ ತಡವಿ ನೋಡಿಯೇ ನುಂಗಿದೆ. ಅದನ್ನು ಅವಳು ನೋಡಿದಳೋ ಇಲ್ಲವೋ... ಆ ಮೇಲೆ ಉಂಡಿ ಕಟ್ಟಿದ್ದನ್ನು ನಾನು ಕಾಣೆ.

ಕೆಲ ವರ್ಷದ ಮೇಲೆ ನಾನು ಜತ್ತಕ್ಕೆ ಬಂದೆ. ಹೋದ ಚಳಿಗಾಲದಲ್ಲಿ ಕಾಕು ತೀರಿಕೊಂಡಳು. ನಾಲ್ಕು ದಿನದ ಜ್ವರ, ಅಷ್ಟೆ. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಮಣ್ಣು ಮುಗಿದಿತ್ತು. ದಿನಕರ್ಮಕ್ಕೆ ಹೋದೆ. ಅಕ್ಕ ಬಂದಿದ್ದಳು, ಕೂಸೂ ಬಂದಿತ್ತು. ಕೂಸು ಅನ್ನುವುದೇ ತಪ್ಪು, ಸಾಲೆಗೆ ಹೋಗುವ ಉದ್ದನೆಯ ಹುಡುಗಿ. ನನ್ನ ಗುರುತು ಅದಕ್ಕೆ ಹತ್ತಲಿಲ್ಲ. ಹಿತ್ತಿಲಲ್ಲಿ ನಿಂತು ಅಜ್ಜಿಯ ಮನೆಯನ್ನು ಹೊಸದಾಗಿ ನೋಡುತ್ತಿತ್ತು. "ಇದು ನಮ್ಮ ಆಯಿ ಮನಿ ಏನ್ರಿ?" ಎಂದು ನನ್ನನ್ನೇ ಕೇಳಿತು.

ಒಳಗೆ ಅಕ್ಕ ಅಡುಗೆಗೆ ಕೂತಿದ್ದಳು. ತಾಯಿಯ ಡಬ್ಬಿಗಳನ್ನೆಲ್ಲ ಇಳಿಸಿ, ಒಂದೊಂದನ್ನೂ ನೆಲದ ಮೇಲೆ ಸುರಿದು ನೋಡಿ ಮತ್ತೆ ತುಂಬುತ್ತಿದ್ದಳು. ತೊಗರಿ, ಹೆಸರು, ಮಡಕಿ ಕಾಳು. ನಾನು ಬಾಗಿಲಿಗೆ ಒರಗಿ ನಿಂತೆ. ಅವಳೇ ಮಾತಾಡಿದಳು, ತಲೆಯೆತ್ತದೆ.

"ಅಂಜಿಕಿ ಹೋಗಲಿ, ಆಮ್ಯಾಲ ಕರಕೊಂಡ ಬರೂಣು ಅಂತ ಕುಂತಿದ್ದೆ ತಮ್ಮಾ. ಈ ವರ್ಷ ಹೋದೀತು, ಬರೂ ವರ್ಷ ಹೋದೀತು ಅಂತ. ಅಂಜಿಕಿ ಹೋಗಲಿಲ್ಲ ನೋಡು. ಅವ್ವನ ಹೋದಳು."

ಮೊರದಲ್ಲಿ ಅಕ್ಕಿ ಇತ್ತು. ಅವಳ ಬೆರಳು ಆ ಅಕ್ಕಿಯನ್ನು ಸರಿಸಿ ಸರಿಸಿ, ತಳ ಮುಟ್ಟಿ, ಇನ್ನೂ ಹುಡುಕುತ್ತಲೇ ಇದ್ದವು.